ಎನ್‌ಮ್ಯಾಪ್ ಒಂದೇ ಸಾಲದು
ಕ್ಲಸ್ಟರಿನ (ಒಟ್ಟಾಗಿ ಕೆಲಸ ಮಾಡುವ ಕಂಪ್ಯೂಟರುಗಳ ಗುಂಪಿನ) ಯಂತ್ರಗಳ ಪಟ್ಟಿಯನ್ನು, ಜಾಲದಲ್ಲಿರುವ ಯಂತ್ರಗಳನ್ನು ಹುಡುಕುವ ಎನ್‌ಮ್ಯಾಪ್ ತಂತ್ರಾಂಶವೊಂದರಿಂದಲೇ ತಯಾರಿಸಿಕೊಳ್ಳಬಹುದು ಎಂದು ಲೇಖನವೊಂದರಲ್ಲಿ ಅದರ ಲೇಖಕರು ಹೇಳಿರುವ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಶೋಧ ನಡೆಸಿದ ಹೊತ್ತಿನಲ್ಲಿ ಉತ್ತರಿಸಿದ ಯಂತ್ರಗಳನ್ನಷ್ಟೇ ಅದು ತೋರಿಸುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಸಿಡಿಲಿಗೆ ಹೆದರಿ, ಯಂತ್ರಗಳನ್ನು ಜೋಡಿಸಿಟ್ಟ ಅರ್ಧ ರ‍್ಯಾಕನ್ನು ಸ್ವಿಚ್ ಆಫ್ ಮಾಡಿಟ್ಟ ದಿನ ಶೋಧ ನಡೆಸಿದರೆ, ಆ ಯಂತ್ರಗಳು ನಮ್ಮಲ್ಲಿ ಇವೆ ಎಂಬುದೇ ಪಟ್ಟಿಯಿಂದ ತಿಳಿಯದು. ಕ್ಲಸ್ಟರಿನ ಯಂತ್ರಗಳಿಗೆ ಕೆಲಸ ಹಂಚುವ ಸ್ಲರ್ಮ್ ತಂತ್ರಾಂಶವನ್ನು ಬಳಸುವವರು ಅದರ ಎಸ್‌ಇನ್ಫೋ ಆದೇಶವನ್ನು ನೋಡ್‌ವಾರು (ಕ್ಲಸ್ಟರಿನ ಒಂದೊಂದು ಯಂತ್ರವೂ ಒಂದು ನೋಡ್) ತೋರಿಸುವ ಆಯ್ಕೆಯೊಂದಿಗೆ ಕೊಟ್ಟರೆ, ಸಂರಚನಾ ಕಡತದಲ್ಲಿ ನಮೂದಾದ ನೋಡ್‌ಗಳು ಸಾಲುಸಾಲಾಗಿ ಬರುತ್ತವೆ (ಎರಡು ಪಾರ್ಟಿಷನ್‌ಗಳಲ್ಲಿರುವ, ಅಂದರೆ ನೋಡ್‌ಗಳ ಎರಡು ಗುಂಪುಗಳಿಗೆ ಸೇರಿದ ನೋಡ್ ಎರಡು ಸಲ ಬರುವುದರಿಂದ ಎಣಿಸುವಾಗ ಎಚ್ಚರ ಬೇಕು). ಸ್ಪಂದಿಸದ ನೋಡ್‌ನ ಸ್ಥಿತಿಯ ಪಕ್ಕದಲ್ಲಿ ನಕ್ಷತ್ರ ಚಿಹ್ನೆ ಇರುತ್ತದೆ. ಹಲವು ಯಂತ್ರಗಳನ್ನು ಒಟ್ಟಿಗೆ ನಿರ್ವಹಿಸುವ ಆನ್ಸಿಬಲ್ ತಂತ್ರಾಂಶದ ಇನ್ವೆಂಟರಿಯನ್ನು (ಅದು ನಿರ್ವಹಿಸಬೇಕಾದ ಯಂತ್ರಗಳ ಪಟ್ಟಿಯ ಕಡತವನ್ನು) ಇದೇ ಪಟ್ಟಿಯಿಂದ ಸಿದ್ಧಪಡಿಸುವ ಪುಟ್ಟ ಸ್ಕ್ರಿಪ್ಟ್ ಬರೆದುಕೊಂಡರೆ ಕಡತವನ್ನು ಮತ್ತೆ ಮತ್ತೆ ಕೈಯಿಂದ ತಿದ್ದುವ ಶ್ರಮ ತಪ್ಪುತ್ತದೆ. ಎನ್‌ಮ್ಯಾಪನ್ನು, ಪಟ್ಟಿಯಲ್ಲಿಲ್ಲದ ಯಂತ್ರ ಯಾವುದಾದರೂ ಜಾಲಕ್ಕೆ ಸೇರಿಕೊಂಡಿದೆಯೇ ಎಂದು ತಾಳೆ ನೋಡಲು ಬಳಸುವುದು ಸೂಕ್ತ.