ಕಕ್ಕದ ಬಣ್ಣ ನೋಡಿ, ನಾಚಿಕೆ ಬೇಡ

ಬಾಣಂತಿಯನ್ನು ಮಾತಾಡಿಸಲು ಬಂದವರು ಮಗುವಿನ ಕೂದಲು ನೋಡುತ್ತಾರೆ, ಮೂಗು ಯಾರದ್ದು ಅಂತ ವಾದ ಮಾಡುತ್ತಾರೆ. ಲಂಗೋಟಿ ಬಿಚ್ಚಿ ಕಕ್ಕ ಯಾವ ಬಣ್ಣ ಇದೆ ಅಂತ ಯಾರೂ ನೋಡುವುದಿಲ್ಲ. ನೋಡಬೇಕು ಅನ್ನುವುದೇ ನನ್ನ ವಾದ. ಊಟ ಮಾಡುತ್ತಾ ಓದುತ್ತಿದ್ದರೆ ಆಮೇಲೆ ಬನ್ನಿ.

ನಮ್ಮ ಮಗಳು ಹುಟ್ಟಿದ್ದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಹುಟ್ಟಿದ ವಾರದಲ್ಲೇ ಹಳದಿಯಾದಳು. ಅದರಲ್ಲಿ ವಿಶೇಷ ಏನಿಲ್ಲ. ದಿನ ತುಂಬಿ ಹುಟ್ಟಿದ ಮಕ್ಕಳಲ್ಲೂ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಮೊದಲ ವಾರ ಕಾಮಾಲೆ ಕಾಣಿಸುತ್ತದೆ, ಸಾಮಾನ್ಯವಾಗಿ ಎರಡು ವಾರದೊಳಗೆ ಇಳಿಯುತ್ತದೆ. ಇವಳದ್ದು ಇಳಿಯಲಿಲ್ಲ. ಬಾಣಂತನಕ್ಕೆ ಹುಬ್ಬಳ್ಳಿಯಿಂದ ಬಂದಿದ್ದ ಅವ್ವ, "ಎಲ್ಲಾ ಕೂಸಿಗೂ ಆಗ್ತದವಾ, ಮುಂಜಾನೆ ಬಿಸಲಿಗೆ ಹಿಡಿ" ಅಂದಳು. ಅತ್ತೆ ಊರಿಂದ ನಾಟಿ ಔಷಧಿ ಕಳಿಸುತ್ತೇನೆ ಅಂದರು. ಹತ್ತಿರದ ಕ್ಲಿನಿಕ್ಕಿನಲ್ಲೂ ಅದೇ ಮಾತು, ಬಿಸಿಲು ಕೊಡಿ, ಹಾಲು ಕುಡಿಸಿ. ನಮ್ಮ ಒನ್ ಬಿಎಚ್‌ಕೆಗೆ ಬಿಸಿಲು ಬರುವುದೇ ಗ್ಯಾಲರಿಯ ಒಂದು ಮೂಲೆಗೆ, ಅದೂ ಎದುರಿನ ಬಿಲ್ಡಿಂಗ್ ಬಿಟ್ಟುಕೊಟ್ಟಷ್ಟು.

ಇದನ್ನು ಹಿಡಿದವರು ಮಾಲೀಶ್ ಬಾಯಿ. ದಿನಾ ಬೆಳಿಗ್ಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸಲು ಬರುತ್ತಿದ್ದರು. ಎಷ್ಟೋ ವರ್ಷಗಳಿಂದ ಎಷ್ಟೋ ಮಕ್ಕಳ ಲಂಗೋಟಿ ಬಿಚ್ಚಿದ ಕೈ. "ಹಿಚೀ ಶೀ ಪಾಂಢರಿ ಕಾ?" ಅಂತ ಕೇಳಿದರು, ಇವಳ ಕಕ್ಕ ಯಾಕೆ ಬೆಳ್ಳಗಿದೆ ಅಂತ. ಉಚ್ಚೆ ಮಾತ್ರ ಬಟ್ಟೆಗೆ ಹಳದಿ ಕಲೆ ಕೂರಿಸುತ್ತಿತ್ತು. ಎದೆಹಾಲು ಕುಡಿಯುವ ಮಗುವಿನ ಉಚ್ಚೆಗೆ ಬಣ್ಣವೇ ಇರಬಾರದು, ಕಕ್ಕ ಹಳದಿಯೋ ಹಸಿರೋ ಇರಬೇಕು. ನಮ್ಮಲ್ಲಿ ಎಲ್ಲ ಉಲ್ಟಾ. ಬಾಯಿಯವರ ಮಾತಿನ ಮೇಲೆ ನಾವು ಮಕ್ಕಳ ಡಾಕ್ಟರ್ ಹತ್ತಿರ ಹೋದೆವು, ಅವರು ಸೀದಾ ಮುಂಬೈನ ಪರೇಲ್‌ನ ಆಸ್ಪತ್ರೆಗೆ ಕಳಿಸಿದರು.

ಕಾಯಿಲೆಯ ಹೆಸರು ಬಿಲಿಯರಿ ಅಟ್ರೀಸಿಯಾ. ಲಿವರ್‌ನಲ್ಲಿ ತಯಾರಾಗುವ ಪಿತ್ತರಸ ಕರುಳಿಗೆ ಇಳಿಯುವ ನಾಳ ಮುಚ್ಚಿಹೋಗಿರುತ್ತದೆ. ಕಕ್ಕಕ್ಕೆ ಬಣ್ಣ ಕೊಡುವುದು ಆ ಪಿತ್ತರಸವೇ. ಅದು ಇಳಿಯದಿದ್ದರೆ ಕಕ್ಕ ಬಿಳಿಚುತ್ತದೆ, ಒಳಗೇ ನಿಂತ ಪಿತ್ತ ಲಿವರನ್ನು ಹಾಳು ಮಾಡುತ್ತಾ ಹೋಗುತ್ತದೆ. ಮಗು ಮಾತ್ರ ಮೊದಮೊದಲು ಚೆನ್ನಾಗಿಯೇ ಇರುತ್ತದೆ. ಹಾಲು ಕುಡಿಯುತ್ತದೆ, ನಗುತ್ತದೆ. ಅದಕ್ಕೇ ಎಲ್ಲರೂ ಮೋಸ ಹೋಗುತ್ತಾರೆ.

ಇಲ್ಲಿ ಬಿಸಿಲೂ ನಡೆಯುವುದಿಲ್ಲ, ಆಸ್ಪತ್ರೆಯ ನೀಲಿ ಲೈಟೂ ನಡೆಯುವುದಿಲ್ಲ. ಮೈ ಹಳದಿ ಮಾಡುವ ಬಿಲಿರುಬಿನ್‌ನಲ್ಲಿ ಎರಡು ಬಗೆ. ಲೈಟಿಗೆ ಇಳಿಯುವುದು ಇನ್‌ಡೈರೆಕ್ಟ್. ಈ ಮಕ್ಕಳಲ್ಲಿ ಏರುವುದು ಡೈರೆಕ್ಟ್. ಆದ್ದರಿಂದ ಎರಡು ವಾರ ದಾಟಿಯೂ ಕಣ್ಣು ಹಳದಿ ಇದ್ದರೆ ಎರಡೂ ಸೇರಿದ ಟೋಟಲ್ ಒಂದನ್ನೇ ನೋಡಿ ಬರಬೇಡಿ, ಡೈರೆಕ್ಟ್ ಎಷ್ಟು ಅಂತ ಕೇಳಿ. ಅದು ಡೆಸಿಲೀಟರ್‌ಗೆ 1 ಮಿಲಿಗ್ರಾಂ ದಾಟಿದ್ದರೆ ಸುಮ್ಮನೆ ಬಿಡುವ ವಿಷಯ ಅಲ್ಲ. ಒಂದು ಸಣ್ಣ ರಕ್ತ ಪರೀಕ್ಷೆ, ಅಷ್ಟೇ.

ಅವಸರ ಯಾಕೆ ಅಂದರೆ, ಇದಕ್ಕೆ ಇರುವ ಆಪರೇಷನ್ ದಿನ ನೋಡಿ ಕೆಲಸ ಮಾಡುತ್ತದೆ. ಜಪಾನಿನ ಮೊರಿಯೊ ಕಸಾಯ್ ಎಂಬ ಸರ್ಜನ್ 1950ರ ದಶಕದಲ್ಲಿ ಶುರು ಮಾಡಿದ್ದು, ಅವರ ಹೆಸರಿನಲ್ಲೇ ಕಸಾಯ್ ಆಪರೇಷನ್ ಅನ್ನುತ್ತಾರೆ. ಕೆಟ್ಟ ನಾಳ ತೆಗೆದು ಕರುಳಿನ ತುಂಡನ್ನೇ ಲಿವರ್‌ಗೆ ಜೋಡಿಸುತ್ತಾರೆ. 60 ದಿನದೊಳಗೆ ಮಾಡಿದರೆ ಪಿತ್ತ ಹರಿಯುವ ಸಾಧ್ಯತೆ ಜಾಸ್ತಿ, ತಡವಾದಷ್ಟೂ ಕಡಿಮೆ. ಅಂದರೆ ನಮ್ಮ ಜನ "ನಾಮಕರಣ ಮುಗಿಸಿ ನೋಡೋಣ, ಐದು ತಿಂಗಳ ತನಕ ಹೊರಗೆ ಒಯ್ಯಬೇಡಿ" ಅನ್ನುವ ದಿನಗಳೇ ಇದರ ದಿನಗಳು.

ತೈವಾನ್‌ನಲ್ಲಿ 2004ರಿಂದ ಪ್ರತಿ ತಾಯಿಗೂ ಕಕ್ಕದ ಬಣ್ಣಗಳ ಕಾರ್ಡ್ ಕೊಡುತ್ತಾರೆ. ಈ ಬಣ್ಣ ಸರಿ, ಈ ಬಣ್ಣ ತಪ್ಪು ಅಂತ ಫೋಟೊ ಇರುತ್ತದೆ. ಅದಾದ ಮೇಲೆ ಅಲ್ಲಿ ಸಮಯಕ್ಕೆ ಆಪರೇಷನ್ ಆಗುವ ಮಕ್ಕಳು ಹೆಚ್ಚಿದರು. ನನಗೆ ಕೊಟ್ಟ ಕಾರ್ಡಿನಲ್ಲಿ ಲಸಿಕೆ ಇತ್ತು, ತೂಕ ಇತ್ತು, ಇದು ಇರಲಿಲ್ಲ. ನಮ್ಮ ತಾಯಿ ಕಾರ್ಡಿನಲ್ಲಿ ಅರ್ಧ ಪುಟ ಇದಕ್ಕೆ ಕೊಟ್ಟರೆ ಯಾರ ಗಂಟೂ ಹೋಗುವುದಿಲ್ಲ.

ಆಪರೇಷನ್ ಆಯಿತು, ಪಿತ್ತ ಹರಿಯಿತು. ಹಳದಿ ಕಕ್ಕ ಕಂಡ ದಿನ ನಮ್ಮವರು ಡಯಾಪರ್ ಫೋಟೊ ತೆಗೆದು ಅಕ್ಕನಿಗೆ ಕಳಿಸಿದರು. ಆಕೆ ಇವತ್ತಿಗೂ ಅದನ್ನು ಹೇಳಿ ನಗುತ್ತಾರೆ.

ಆಮೇಲೆ ಶುರುವಾಗಿದ್ದು ಎರಡನೇ ಸುತ್ತಿನ ಸಮಾಧಾನ. "ಈಗ ಗುಣ ಆಯ್ತಲ್ಲ?" ಹೌದು ಅಂದರೆ ಅವರಿಗೆ ಖುಷಿ, ನನಗೆ ಸುಳ್ಳು. ಕಸಾಯ್ ಆದ ಮೇಲೂ ಎಷ್ಟೋ ಮಕ್ಕಳಿಗೆ ಮುಂದೆ ಲಿವರ್ ಕಸಿ ಬೇಕಾಗುತ್ತದೆ. ಮಕ್ಕಳ ಲಿವರ್ ಕಸಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಇದೇ ಕಾಯಿಲೆ. ಜ್ವರ ಬಂದರೆ ನಾವು ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಅಂತ ಕೂರುವ ಹಾಗಿಲ್ಲ, ಪಿತ್ತನಾಳದ ಸೋಂಕು ಇರಬಹುದು, ಆ ರಾತ್ರಿಯೇ ಆಸ್ಪತ್ರೆ. ಎ, ಡಿ, ಇ, ಕೆ ವಿಟಮಿನ್ ಬೇರೆಯಾಗಿ ಕೊಡಬೇಕು, ಪಿತ್ತ ಸಾಲದಿದ್ದರೆ ಅವು ಮೈಗೆ ಹತ್ತುವುದಿಲ್ಲ. ಕೆ ಕಡಿಮೆಯಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಇದನ್ನೆಲ್ಲ ಹೇಳಲು ಹೊರಟರೆ "ಬಿಡಿ, ಕೆಟ್ಟದ್ದು ಯಾಕೆ ಯೋಚಿಸ್ತೀರಿ" ಅನ್ನುತ್ತಾರೆ. ಸಮಾಧಾನ ಹೇಳುವವರಿಗೆ ಬೇಕಾಗಿದ್ದು ವಿಷಯ ಮುಗಿಯುವುದು, ಅಷ್ಟೇ ಅಂತ ನನಗೆ ಅನ್ನಿಸಿದೆ.

ಮಾಟುಂಗಾದ ಒಂದು ಅರಿಶಿನ ಕುಂಕುಮದಲ್ಲಿ ಒಬ್ಬರು ಬಸುರಿಯಲ್ಲಿ ಏನು ತಿಂದಿದ್ದೆ, ಗ್ರಹಣ ನೋಡಿದ್ದೆಯಾ ಅಂತ ಕೇಳಿದರು. ಕಾಯಿಲೆ ಯಾಕೆ ಬರುತ್ತದೆ ಅಂತ ಡಾಕ್ಟರುಗಳಿಗೇ ಇನ್ನೂ ಪೂರ್ತಿ ಗೊತ್ತಿಲ್ಲ, ತಾಯಿ ತಿಂದದ್ದರಿಂದ ಬರುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಅವರೇ ಮುಂದೆ "ಲಿವರ್ ಬೇಕಾದರೆ ನೀನು ಕೊಡ್ತೀಯಲ್ಲ ಬಿಡು" ಅಂದರು. ಅಪ್ಪನೂ ಕೊಡಬಹುದು. ರಕ್ತದ ಗುಂಪು ಹೊಂದಿ ಆರೋಗ್ಯ ಸರಿ ಇದ್ದರೆ ಸಾಕು, ಲಿವರ್‌ನ ಒಂದು ಭಾಗ ಕೊಟ್ಟರೆ ಉಳಿದದ್ದು ಬೆಳೆಯುತ್ತದೆ. ತಪ್ಪೂ ತಾಯಿಯದ್ದೇ, ಲಿವರೂ ತಾಯಿಯದ್ದೇ!

ಭಯ ಆದಾಗ ನಾನು ನೆನಪಿಸಿಕೊಳ್ಳುವುದು 1998ರ ಒಂದು ಸಂಗತಿ. ಇದೇ ಕಾಯಿಲೆಯ, ಎರಡು ವರ್ಷವೂ ತುಂಬದ ತಮಿಳುನಾಡಿನ ಹುಡುಗನಿಗೆ ದೆಹಲಿಯಲ್ಲಿ ಲಿವರ್ ಕಸಿ ಮಾಡಿದರು. ಲಿವರ್ ಕೊಟ್ಟದ್ದು ಅವನ ಅಪ್ಪ. ದೇಶದಲ್ಲಿ ಮಗುವೊಂದಕ್ಕೆ ಯಶಸ್ವಿಯಾಗಿ ಆದ ಮೊದಲ ಲಿವರ್ ಕಸಿ ಅದು. ಆ ಹುಡುಗ ಬೆಳೆದು ಡಾಕ್ಟರ್ ಆದ. ಇದು "ಎಲ್ಲ ಸರಿಹೋಗುತ್ತೆ" ಅನ್ನುವ ಮಾತಲ್ಲ, ನಡೆದ ವಿಷಯ. ಅದಕ್ಕೇ ನನಗೆ ಇಷ್ಟ.

ಆ ದಿನಗಳಲ್ಲಿ ನಿಜವಾಗಿ ಆಸರೆಯಾದವರು ಹೆಚ್ಚು ಮಾತಾಡಿದವರಲ್ಲ. ಮೇಲಿನ ಮಹಡಿಯ ಶೆಟ್ರ ಮನೆಯಿಂದ ಡಬ್ಬಿ ಬರುತ್ತಿತ್ತು, ಖಾಲಿ ಡಬ್ಬಿ ವಾಪಸ್ ಕೇಳುತ್ತಿರಲಿಲ್ಲ. ನಮ್ಮವರ ಆಫೀಸಿನ ಹುಡುಗರು ರಕ್ತ ಕೊಟ್ಟು ಲೋಕಲ್ ಹಿಡಿದು ಕೆಲಸಕ್ಕೆ ಹೋದರು.

ಊರ ಕಡೆಯಿಂದ ಮಗುವನ್ನು ಕರೆದುಕೊಂಡು ಪರೇಲ್ ಕಡೆ ಬರುವವರಿದ್ದರೆ ಇನ್‌ಬಾಕ್ಸಿಗೆ ಬನ್ನಿ. ಹಳೆಯ ರಿಪೋರ್ಟ್ ಎಲ್ಲ ತನ್ನಿ, ದಿನಕ್ಕೊಂದು ಕಕ್ಕದ ಫೋಟೊ ತೆಗೆದಿಡಿ, ಡಾಕ್ಟರ್ ಅದನ್ನೇ ಮೊದಲು ಕೇಳುತ್ತಾರೆ. ಮರಾಠಿ ಬರದಿದ್ದರೆ ಹೇಳಿ, ಮೊದಲ ದಿನ ಜೊತೆಗೆ ಬರುತ್ತೇನೆ. ಭಾನುವಾರ ಮೆಗಾಬ್ಲಾಕ್ ಇರುತ್ತದೆ, ಅಂದರೆ ಹಳಿ ರಿಪೇರಿಗೆ ಲೋಕಲ್ ರೈಲು ನಿಲ್ಲಿಸುತ್ತಾರೆ, ಬೇಗ ಹೊರಡಬೇಕು.