ಅಮ್ಮನ ಮಾತ್ರೆ ಮತ್ತು ನಮ್ಮೂರಿನ ಗುಂಡುತೋಪು

ಕಳೆದ ತಿಂಗಳು ಅಮ್ಮನನ್ನು ವೈದ್ಯರ ಬಳಿ ಕರೆದುಕೊಂಡು ಹೋಗಿದ್ದೆ. ಸಕ್ಕರೆ ಕಾಯಿಲೆಗೆ ಎರಡು ಮಾತ್ರೆ, ಬಿಪಿಗೆ ಒಂದು, ಹೊಸದಾಗಿ ಇನ್ನೂ ಒಂದು. ಚೀಟಿಯ ಕೊನೆಯಲ್ಲಿ ‘ದಿನವೂ 40 ನಿಮಿಷ ನಡಿಗೆ’ ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದಿದ್ದರು. ಮಾತ್ರೆಗಳು ಎದುರಿನ ಮೆಡಿಕಲ್ ಅಂಗಡಿಯಲ್ಲೇ ಸಿಕ್ಕವು, 1,850 ರೂಪಾಯಿ. ನಡೆಯುವುದಕ್ಕೆ ಜಾಗ ಇಡೀ ಬಡಾವಣೆಯಲ್ಲಿ ಸಿಗಲಿಲ್ಲ.

ಕೋಲಾರದ ಅಂಚಿನಲ್ಲಿರುವ ನಮ್ಮ ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆಂದು ಹಸಿರು ಬಣ್ಣ ಬಳಿದ ಚೌಕವೊಂದಿದೆ. ಆ ಚೌಕದಲ್ಲಿ ಇವತ್ತು ಇರುವುದು ಬತ್ತಿದ ಕೊಳವೆಬಾವಿ, ಒಂದು ಟ್ರಾನ್ಸ್‌ಫಾರ್ಮರ್ ಮತ್ತು ಮನೆ ಕೆಡವಿದವರು ತಂದು ಸುರಿದ ಮಣ್ಣು. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡಲೆಂದೇ ನಮ್ಮ ರಾಜ್ಯದಲ್ಲಿ 1985ರಿಂದ ಕಾಯ್ದೆ ಇದೆ. ಅಮ್ಮ ಎರಡು ದಿನ ಮುಖ್ಯರಸ್ತೆಯ ಅಂಚಿನಲ್ಲಿ ನಡೆದಳು. ಮಂಡಿಗೆ ಟೊಮ್ಯಾಟೊ ಹೊತ್ತ ಲಾರಿಗಳು ಸೆರಗಿಗೆ ಗಾಳಿ ಬಡಿದು ಹೋಗುತ್ತಿದ್ದವಂತೆ. ಮೂರನೆಯ ದಿನದಿಂದ ಹಜಾರದಲ್ಲಿ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದಾಳೆ.

ಊರಿನಲ್ಲಿದ್ದಾಗ ಅವಳಿಗೆ ಯಾರೂ ನಡೆಯಲು ಹೇಳಿರಲಿಲ್ಲ. ಸಂಜೆಯಾದರೆ ಗುಂಡುತೋಪಿಗೆ ಹೋಗಿಬರುತ್ತಿದ್ದಳು, ಅಷ್ಟೇ. ಈ ಪದ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕೋಲಾರ, ಚಿಕ್ಕಬಳ್ಳಾಪುರದ ಕಡೆ ಊರಿನ ಪಕ್ಕದಲ್ಲಿ ಎಲ್ಲರಿಗೂ ಸೇರಿದ ಮರಗಳ ಜಾಗವಿರುತ್ತದೆ. ಹುಣಸೆ, ಮಾವು, ನೇರಳೆ, ಹೊಂಗೆ, ಹಲಸು. ಕಂದಾಯ ದಾಖಲೆಯಲ್ಲಿ ಈಗಲೂ ಗುಂಡುತೋಪು ಎಂದೇ ಬರೆದಿರುತ್ತಾರೆ. ಸಂತೆಗೆ ಹೊರಟ ಗಾಡಿ ಅಲ್ಲಿ ನಿಲ್ಲುತ್ತಿತ್ತು, ದನಗಳು ಮಲಗುತ್ತಿದ್ದವು, ಹುಣಸೆ ಹಣ್ಣು ಹರಾಜಾಗಿ ಊರಿಗೆ ನಾಲ್ಕು ಕಾಸು ಬರುತ್ತಿತ್ತು. ಹೆಂಗಸರಿಗೆ ಮನೆಯಿಂದ ಹೊರಗೆ ಕಾರಣ ಹೇಳದೆ ಕೂರಬಹುದಾಗಿದ್ದ ಜಾಗ ಅದೊಂದೇ. ಈ ಕೊನೆಯ ಮಾತನ್ನು ಯಾವ ಯೋಜನಾ ವರದಿಯೂ ಬರೆದದ್ದನ್ನು ನಾನು ನೋಡಿಲ್ಲ, ನನಗೆ ಮುಖ್ಯವಾಗಿ ಕಾಣುವುದು ಅದೇ.

ನಮ್ಮೂರ ತೋಪಿನ ಒಂದು ಮೂಲೆಗೆ ಮೊದಲು ಸರ್ಕಾರಿ ಕಟ್ಟಡ ಬಂತು. ಆಮೇಲೆ ರಸ್ತೆ ಅಗಲವಾಯಿತು. ಉಳಿದ ಕಡೆ ಯಾರೋ ಕಲ್ಲುಕಂಬ ನೆಟ್ಟರು. ಸರ್ಕಾರಿ ಜಾಗ ತಾನೇ, ಯಾರ ಗಂಟೇನು ಹೋಯಿತು ಎಂದು ಎಲ್ಲರೂ ಸುಮ್ಮನಿದ್ದೆವು.

ಗಂಟು ಹೋಗಿದೆ ಎಂಬುದನ್ನು ಈಗ ಲೆಕ್ಕ ಹಾಕಿ ತೋರಿಸುವವರಿದ್ದಾರೆ. ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ಸಂಸ್ಥೆಯ ಸುಮಾರು 50 ಲಕ್ಷ ಸದಸ್ಯರ ಚಿಕಿತ್ಸಾ ವೆಚ್ಚವನ್ನು, ಅವರ ಮನೆಯ ಸುತ್ತಲಿನ ಹಸಿರಿನ ಉಪಗ್ರಹ ಚಿತ್ರಗಳ ಜೊತೆ ಇಟ್ಟು ನೋಡಿದರು. 2022ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಅತಿ ಹೆಚ್ಚು ಹಸಿರಿರುವ ಕಡೆ ವಾಸಿಸುವವರ ವೆಚ್ಚ ಅತಿ ಕಡಿಮೆ ಹಸಿರಿರುವ ಕಡೆಯವರಿಗಿಂತ ತಲೆಗೆ ವರ್ಷಕ್ಕೆ 374 ಡಾಲರ್ ಕಡಿಮೆ. ಇದನ್ನು ರೂಪಾಯಿಗೆ ಪರಿವರ್ತಿಸಿ ಕೋಲಾರಕ್ಕೆ ಅಂಟಿಸಬಾರದು. ಅವರ ಆಸ್ಪತ್ರೆಗಳ ದರವೇ ಬೇರೆ.

ಹಣವಂತರೇ ಮರಗಳಿರುವ ಬೀದಿಯಲ್ಲಿ ಮನೆ ಮಾಡುತ್ತಾರೆ, ಅವರ ಆರೋಗ್ಯ ಮೊದಲೇ ಚೆನ್ನಾಗಿರುತ್ತದೆ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಆ ಅಧ್ಯಯನದವರು ಇಂಥ ವ್ಯತ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಆದರೂ ನನ್ನ ಅನುಮಾನವನ್ನು ಅಲ್ಲಾಡಿಸಿದ್ದು ಒಂದು ಹುಳುವಿನ ಕಥೆ. ಏಷ್ಯಾದಿಂದ ಹೋದ ಹಸಿರು ಬಣ್ಣದ ಜೀರುಂಡೆಯೊಂದು 2002ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಪತ್ತೆಯಾಯಿತು. ಅದು ಆ್ಯಶ್ ಮರಗಳ ತೊಗಟೆಯೊಳಗೆ ಹೊಕ್ಕು ಬೀದಿ ಬೀದಿಯ ಮರಗಳನ್ನು ಒಣಗಿಸಿತು. ಹುಳುವಿಗೆ ಬಡವರ ಬೀದಿ, ಶ್ರೀಮಂತರ ಬೀದಿ ಎಂಬ ಭೇದವಿಲ್ಲ. ಮರಗಳು ಹೋದ ಮೇಲೆ ಜನರಿಗೆ ಏನಾಯಿತು ಎಂದು 15 ರಾಜ್ಯಗಳ 1990ರಿಂದ 2007ರವರೆಗಿನ ಸಾವಿನ ದಾಖಲೆಗಳನ್ನು ಸಂಶೋಧಕರು ತೆಗೆದು ನೋಡಿದರು. ಹುಳು ಕಾಲಿಟ್ಟ ಜಿಲ್ಲೆಗಳಲ್ಲಿ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದ 15,000ಕ್ಕೂ ಹೆಚ್ಚು, ಶ್ವಾಸಕೋಶದ ಕಾಯಿಲೆಯಿಂದ 6,000ಕ್ಕೂ ಹೆಚ್ಚು ಸಾವುಗಳು ಹೆಚ್ಚುವರಿಯಾಗಿ ಸಂಭವಿಸಿದ್ದವು. ಅದನ್ನು ಓದಿದ ರಾತ್ರಿ ನನಗೆ ನೆನಪಾದದ್ದು ರಸ್ತೆಗೆಂದು ಒಂದೇ ವಾರದಲ್ಲಿ ಉರುಳಿದ ನಮ್ಮೂರಿನ ಹುಣಸೆ ಸಾಲು.

ತೋಪು ಸಕ್ಕರೆ ಕಾಯಿಲೆಯನ್ನು ವಾಸಿಮಾಡುತ್ತದೆ ಎಂದು ನಾನು ಹೇಳುವುದಿಲ್ಲ. ಅಮ್ಮನಿಗೆ ಊರಿನಲ್ಲಿದ್ದಾಗಲೇ ಅದು ಶುರುವಾಗಿತ್ತು. ಆದರೆ ನೆರಳಿದ್ದರೆ ಕಾಲು ನಡೆಯುತ್ತದೆ, ಧೂಳು ತಗ್ಗುತ್ತದೆ, ಬಿಸಿಲ ಝಳ ಕಡಿಮೆಯಾಗುತ್ತದೆ, ನಾಲ್ಕು ಜನರ ಮಾತು ಕಿವಿಗೆ ಬೀಳುತ್ತದೆ. ಇವು ಯಾವುವೂ ಮೆಡಿಕಲ್ ಅಂಗಡಿಯಲ್ಲಿ ಸಿಗುವುದಿಲ್ಲ.

ಹಸಿರು ಎಂದರೆ ಯಾವ ಹಸಿರಾದರೂ ಆದೀತು ಎನ್ನುವವರು ನಮ್ಮ ಜಿಲ್ಲೆಯ ನೀಲಗಿರಿಯನ್ನು ನೆನೆಯಬೇಕು. ದಶಕಗಳ ಕಾಲ ಇಲ್ಲಿ ಎಕರೆಗಟ್ಟಲೆ ನೀಲಗಿರಿ ನೆಟ್ಟೆವು. 2017ರಲ್ಲಿ ರಾಜ್ಯ ಸರ್ಕಾರವೇ ಅದನ್ನು ನೆಡುವುದಕ್ಕೆ ನಿಷೇಧ ಹೇರಬೇಕಾಯಿತು. ಉಪಗ್ರಹಕ್ಕೆ ಅದೂ ಹಸಿರಾಗಿಯೇ ಕಂಡಿರುತ್ತದೆ. ಅದರ ಕೆಳಗೆ ಬುತ್ತಿ ಬಿಚ್ಚಿ ಕೂತವರನ್ನು ಮಾತ್ರ ನಾನು ಕಂಡಿಲ್ಲ.

ನನಗೆ ಸಿಟ್ಟು ಬರುವುದು ಬಿಲ್ಲು ಯಾರ ಕೈಗೆ ಬರುತ್ತದೆ ಎಂದು ಯೋಚಿಸಿದಾಗ. 2021–22ರ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ. 39.4ರಷ್ಟನ್ನು ಜನರೇ ಜೇಬಿನಿಂದ ಕೊಟ್ಟಿದ್ದಾರೆ. ಆಸ್ಪತ್ರೆಗೆ ದಾಖಲಾದಾಗ ಸರ್ಕಾರದ ವಿಮಾ ಕಾರ್ಡು ಕೈಹಿಡಿಯುತ್ತದೆ, ಅಂಗಡಿಯಲ್ಲಿ ಕೊಳ್ಳುವ ತಿಂಗಳ ಮಾತ್ರೆಗೆ ಅದು ಬರುವುದಿಲ್ಲ. ಇಂಗ್ಲೆಂಡಿನಲ್ಲಿ ನಾಲ್ಕು ಕೋಟಿಗೂ ಹೆಚ್ಚು ಜನರ ದಾಖಲೆ ನೋಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಹಸಿರು ಹೆಚ್ಚಿರುವ ಕಡೆ ಬಡವರ ಮತ್ತು ಉಳ್ಳವರ ಸಾವಿನ ಪ್ರಮಾಣದ ಅಂತರವೇ ಕಿರಿದಾಗಿದೆ ಎಂದು ತೋರಿಸಿತು. ಉಳ್ಳವರು ತೋಟದ ಮನೆ ಮಾಡಿಕೊಂಡಾರು. ಉಳಿದವರಿಗೆ ತೋಪೇ ತೋಟ.

ಆದ್ದರಿಂದ ಗುಂಡುತೋಪಿನ ಒತ್ತುವರಿ ಕಂದಾಯ ಇಲಾಖೆಯ ಕಡತವಾಗಿ ಮಾತ್ರ ಉಳಿಯಬಾರದು, ಜಿಲ್ಲೆಯ ಆರೋಗ್ಯ ಸಭೆಯಲ್ಲಿಯೂ ಅದು ಚರ್ಚೆಯಾಗಬೇಕು. ಊರಿನ ಸಾಮುದಾಯಿಕ ಜಮೀನುಗಳ ಒತ್ತುವರಿ ತೆರವುಗೊಳಿಸುವಂತೆ ಸುಪ್ರೀಂ ಕೋರ್ಟ್ 2011ರಲ್ಲೇ ಎಲ್ಲ ರಾಜ್ಯಗಳಿಗೆ ನಿರ್ದೇಶನ ಕೊಟ್ಟಿದೆ. ನೀವು ನಿಮ್ಮೂರಿನ ತೋಪಿನ ಸರ್ವೆ ನಂಬರ್ ಹುಡುಕಿ, ಪಹಣಿ ತೆಗೆಸಿ, ಅಳತೆಗೆ ಅರ್ಜಿ ಕೊಡಿ. ಬಡಾವಣೆಯಲ್ಲಿದ್ದರೆ ನಕ್ಷೆಯ ಪ್ರತಿ ಕೇಳಿ.

ನಾನು ಮುಂದಿನ ಗ್ರಾಮಸಭೆಗೆ ಊರಿಗೆ ಹೋಗುತ್ತಿದ್ದೇನೆ. ಅರ್ಜಿಯ ಜೊತೆ ಇಡಲು ಅಮ್ಮನಿಂದ ಒಂದು ಪಟ್ಟಿ ಬರೆಸಿಕೊಂಡೆ. ಕಣ್ಣು ಮುಚ್ಚಿ, ಬೆರಳು ಮಡಚುತ್ತಾ ಹೇಳಿದಳು: ಬಾವಿಯ ಕಡೆಯಿಂದ ಮೊದಲು ಎರಡು ಹುಣಸೆ, ಆಮೇಲೆ ನೇರಳೆ, ಸಿಡಿಲು ಬಡಿದ ಮಾವು, ಅದರ ಹಿಂದೆ ಮೂರು ಹೊಂಗೆ. ಮೂವತ್ತೊಂದು ಮರಗಳಾದವು. ಹೋದ ಭಾನುವಾರ ನಾನು ಹೋಗಿ ಎಣಿಸಿದಾಗ ಒಂಬತ್ತು ಇದ್ದವು. ಅವಳಿಗೆ ಇನ್ನೂ ಹೇಳಿಲ್ಲ.