ಸಂಘವನ್ನು ಮುಚ್ಚುವ ಹಕ್ಕೂ ವಿದ್ಯಾರ್ಥಿಗಳಿಗಿರಲಿ

ಪ್ರೌಢಶಾಲೆಗಳ ಪರಿಚಯ ಪುಸ್ತಿಕೆಗಳಲ್ಲಿ ವಿದ್ಯಾರ್ಥಿ ಸಂಘಗಳ ಪಟ್ಟಿಗೆಂದೇ ಒಂದು ಪುಟ ಮೀಸಲಾಗಿರುತ್ತದೆ. ವಿಜ್ಞಾನ ಸಂಘ, ಪರಿಸರ ಸಂಘ, ಚರ್ಚಾಕೂಟ, ನಾಟಕ ತಂಡ, ರೊಬೊಟಿಕ್ಸ್ ಕ್ಲಬ್, ಚದುರಂಗ, ಛಾಯಾಗ್ರಹಣ, ಸೇವಾ ಸಂಘ, ಇವೆಲ್ಲದರ ಮೇಲೆ ವಿದ್ಯಾರ್ಥಿ ಸಂಸತ್ತು. ಪಟ್ಟಿ ಉದ್ದವಿದ್ದಷ್ಟೂ ಪೋಷಕರಿಗೆ ಸಮಾಧಾನ, ಆಡಳಿತ ಮಂಡಳಿಗೆ ಹೆಮ್ಮೆ. ಆದರೆ ಇವುಗಳಲ್ಲಿ ಎಷ್ಟನ್ನು ವಿದ್ಯಾರ್ಥಿಗಳು ತಾವಾಗಿ ಕೇಳಿ ಪಡೆದರು ಎಂದು ವಿಚಾರಿಸಿದರೆ ಉತ್ತರ ಸುಲಭಕ್ಕೆ ಸಿಗುವುದಿಲ್ಲ. ಬಹುಪಾಲು ಸಂಘಗಳು ಹುಟ್ಟುವುದು ಶಿಕ್ಷಕರ ಸಭೆಯಲ್ಲಿ. ವರ್ಷಾರಂಭದಲ್ಲಿ ಕೆಲಸ ಹಂಚುವಾಗ ಯಾವ ಸಂಘ ಯಾರ ಪಾಲಿಗೆ ಎಂಬುದು ತೀರ್ಮಾನವಾಗುತ್ತದೆ, ಹೆಚ್ಚು ಅಂಕ ಪಡೆದವರೊಬ್ಬರು ಅಧ್ಯಕ್ಷರಾಗುತ್ತಾರೆ, ಉದ್ಘಾಟನೆ ನಡೆದು ಫೋಟೋ ತೆಗೆಯುವುದೂ ಮುಗಿಯುತ್ತದೆ. ಆಮೇಲೆ ವಾರ್ಷಿಕ ವರದಿ ಬರೆಯುವ ದಿನದವರೆಗೆ ಆ ಸಂಘದ ಸುದ್ದಿ ಯಾರಿಗೂ ಬೇಕಿರುವುದಿಲ್ಲ.

ಹಲವು ವರ್ಷ ಇಂತಹ ಸಂಘಗಳ ಮಾರ್ಗದರ್ಶಕ ಶಿಕ್ಷಕನಾಗಿದ್ದವನು ನಾನು, ಆದ್ದರಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವಿದ್ಯಾರ್ಥಿಗಳು ತಾವೇ ಆರಂಭಿಸಲು, ತಾವೇ ನಡೆಸಲು ಮತ್ತು ಬೇಡವೆನಿಸಿದಾಗ ತಾವೇ ಮುಚ್ಚಲು ಸಾಧ್ಯವಿಲ್ಲದ ಸಂಘವು ವೇಳಾಪಟ್ಟಿಗೆ ಸೇರಿಕೊಂಡ ಇನ್ನೊಂದು ಪೀರಿಯಡ್ಡು, ಅಷ್ಟೇ. ಈ ಮೂರರಲ್ಲಿ ಮೊದಲಿನ ಎರಡನ್ನು ಎಲ್ಲರೂ ಬಾಯಿಮಾತಿಗಾದರೂ ಒಪ್ಪುತ್ತಾರೆ. ಮೂರನೆಯದನ್ನು ಹೇಳಿದೊಡನೆ ಶಿಕ್ಷಕರ ಕೊಠಡಿಯಲ್ಲಿ ಹುಬ್ಬುಗಳು ಮೇಲೇರುತ್ತವೆ.

ಸಂಘ ಕಟ್ಟಿಕೊಳ್ಳಲು ಬಿಡುವುದು ಶಾಲೆಯು ದೊಡ್ಡ ಮನಸ್ಸು ಮಾಡಿ ಕೊಡುವ ರಿಯಾಯಿತಿ ಎಂದು ಭಾವಿಸಿರುವವರು ಬಹಳ ಮಂದಿ ಇದ್ದಾರೆ. 1989ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 15ನೇ ವಿಧಿಯು ಸಂಘ ಕಟ್ಟುವ ಮತ್ತು ಶಾಂತಿಯುತವಾಗಿ ಸಭೆ ಸೇರುವ ಸ್ವಾತಂತ್ರ್ಯವನ್ನು ಮಕ್ಕಳ ಹಕ್ಕೆಂದೇ ಮಾನ್ಯ ಮಾಡಿದೆ. ಅದೇ ಒಡಂಬಡಿಕೆಯ 31ನೇ ವಿಧಿ ವಿಶ್ರಾಂತಿ, ಬಿಡುವು ಮತ್ತು ಆಟದ ಹಕ್ಕನ್ನು ಹೇಳುತ್ತದೆ. ಎರಡನ್ನೂ ಜೊತೆಗಿಟ್ಟು ಓದಿದರೆ, ಸೇರುವ ಹಕ್ಕಿನಷ್ಟೇ ಸೇರದೆ ಸುಮ್ಮನಿರುವ ಹಕ್ಕೂ ಮಕ್ಕಳಿಗಿದೆ ಎಂದು ನನಗೆ ತೋರುತ್ತದೆ. ಪ್ರತಿ ವಿದ್ಯಾರ್ಥಿಯೂ ಕನಿಷ್ಠ ಎರಡು ಸಂಘಗಳಲ್ಲಿ ಇರಲೇಬೇಕೆಂಬ ನಿಯಮ ಮಾಡುವ ಶಾಲೆಗಳು ಇದನ್ನು ಗಮನಿಸುವುದೇ ಇಲ್ಲ.

ಯಾರಿಗೆ ಅವಕಾಶ ಕೊಡಬೇಕು, ಯಾರಿಗೆ ಕೊಡಬಾರದು ಎಂಬ ಜಗಳ ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದಕ್ಕೆ ಅಮೆರಿಕದ ಅನುಭವ ಒಳ್ಳೆಯ ನಿದರ್ಶನ. ಅಲ್ಲಿ 1984ರಲ್ಲಿ ಬಂದ ಸಮಾನ ಪ್ರವೇಶ ಕಾಯ್ದೆಯ ಪ್ರಕಾರ, ಕೇಂದ್ರ ಸರ್ಕಾರದ ಅನುದಾನ ಪಡೆಯುವ ಸಾರ್ವಜನಿಕ ಪ್ರೌಢಶಾಲೆಯೊಂದು ಪಠ್ಯಕ್ಕೆ ಸಂಬಂಧಿಸದ ಒಂದೇ ಒಂದು ವಿದ್ಯಾರ್ಥಿ ಸಂಘಕ್ಕೆ ಶಾಲೆಯಲ್ಲಿ ಸಭೆ ಸೇರಲು ಅವಕಾಶ ಕೊಟ್ಟರೂ, ಧಾರ್ಮಿಕ, ರಾಜಕೀಯ ಅಥವಾ ತಾತ್ವಿಕ ವಿಚಾರಗಳ ಕಾರಣಕ್ಕೆ ಇನ್ನೊಂದು ಸಂಘವನ್ನು ತಡೆಯುವಂತಿಲ್ಲ. ನೆಬ್ರಾಸ್ಕಾದ ಒಮಾಹಾದಲ್ಲಿ ಕ್ರೈಸ್ತ ವಿದ್ಯಾರ್ಥಿ ಸಂಘವೊಂದಕ್ಕೆ ಅನುಮತಿ ನಿರಾಕರಿಸಿದ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 1990ರಲ್ಲಿ ಈ ಕಾಯ್ದೆಯನ್ನು ಎತ್ತಿಹಿಡಿಯಿತು. ಮುಂದೆ ಸಲಿಂಗಕಾಮಿ ವಿದ್ಯಾರ್ಥಿಗಳು ಮತ್ತು ಅವರ ಸ್ನೇಹಿತರು ಅದೇ ಕಾಯ್ದೆಯ ಬಲದಿಂದ ತಮ್ಮ ಸಂಘಕ್ಕೂ ಜಾಗ ಕೇಳಿದಾಗ, ಸಾಲ್ಟ್ ಲೇಕ್ ಸಿಟಿಯ ಶಿಕ್ಷಣ ಮಂಡಳಿಯು 1996ರಲ್ಲಿ ಆ ಒಂದು ಸಂಘ ಬೇಡವೆಂದು ಪಠ್ಯಕ್ಕೆ ಸಂಬಂಧಿಸದ ಎಲ್ಲ ಸಂಘಗಳನ್ನೂ ನಿಷೇಧಿಸಿತು. ನಿಷೇಧ ತೆರವಾದದ್ದು 2000ದಲ್ಲಿ. ದೊಡ್ಡವರು ತಮಗೆ ಹಿಡಿಸದ ಒಂದು ಸಂಘವನ್ನು ತಪ್ಪಿಸಲು ಎಷ್ಟು ದೂರ ಹೋಗಬಲ್ಲರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಶಾಲೆ ಕೇಳಬೇಕಾದ ಪ್ರಶ್ನೆಗಳು ಕೆಲವೇ: ಈ ಸಂಘದಿಂದ ಯಾರಿಗಾದರೂ ಹಾನಿಯಿದೆಯೇ, ಅದರ ಬಾಗಿಲು ಎಲ್ಲರಿಗೂ ತೆರೆದಿದೆಯೇ, ಜವಾಬ್ದಾರಿ ಹೊರಲು ನಾಲ್ಕು ಮಂದಿ ಸಿದ್ಧರಿದ್ದಾರೆಯೇ. ವಿಷಯ ನಮಗೆ ಇಷ್ಟವೇ ಎಂಬುದು ಆ ಪ್ರಶ್ನೆಗಳಲ್ಲಿ ಸೇರಬೇಕಾಗಿಲ್ಲ.

ಸಂಘಗಳಿಂದ ಮಕ್ಕಳಿಗೆ ಏನು ಸಿಗುತ್ತದೆ ಎಂದಾಗ ಎಲ್ಲರೂ ಬಹುಮಾನಗಳ ಮಾತೆತ್ತುತ್ತಾರೆ. ನನ್ನ ದೃಷ್ಟಿಯಲ್ಲಿ ನಿಜವಾದ ಲಾಭ ಇರುವುದು ಯಾರೂ ಚಪ್ಪಾಳೆ ತಟ್ಟದ ಕೆಲಸಗಳಲ್ಲಿ, ಅದರಲ್ಲೂ ನಡಾವಳಿ ಪುಸ್ತಕದಲ್ಲಿ. ಕಾರ್ಯದರ್ಶಿಯಾದ ಹುಡುಗಿಯೊಬ್ಬಳು ಸಭೆಯ ನಡಾವಳಿ ಬರೆಯುವಾಗ, ತಾನು ಕಟುವಾಗಿ ವಿರೋಧಿಸಿದ ಪಕ್ಷದ ವಾದವನ್ನೂ ಆ ಪಕ್ಷದವರು ಒಪ್ಪುವ ಹಾಗೆ ಬರೆಯಬೇಕಾಗುತ್ತದೆ. ಮುಂದಿನ ಸಭೆಯಲ್ಲಿ ಅದನ್ನು ಓದಿ ಹೇಳಿದಾಗ ಎದುರಿನವರು ಎದ್ದು ನಿಂತು ನಾವು ಹೀಗೆ ಹೇಳಲೇ ಇಲ್ಲ ಎಂದರೆ ಅವಳು ತಿದ್ದಬೇಕು. ಇದು ಹದಿನೈದರ ವಯಸ್ಸಿನಲ್ಲಿ ಎಷ್ಟು ಕಠಿಣವಾದ ಅಭ್ಯಾಸವೆಂಬುದು ಅದನ್ನು ಮಾಡಿ ನೋಡಿದವರಿಗೇ ಗೊತ್ತು. ನಲವತ್ತು ದಾಟಿದ ನಮ್ಮಲ್ಲಿ ಎಷ್ಟು ಮಂದಿಗೆ ಇದು ಸಾಧ್ಯ ಎಂಬ ಪ್ರಶ್ನೆಯನ್ನು ಸದ್ಯ ಬದಿಗಿಡುತ್ತೇನೆ.

ಖಜಾಂಚಿಯ ಪಾಡು ಇನ್ನೂ ಬಿಕ್ಕಟ್ಟಿನದು. ಮೊತ್ತ ಚಿಕ್ಕದೇ ಇರುತ್ತದೆ, ಆದರೆ ರಸೀದಿ ಇಲ್ಲದೆ ಹಣ ಕೇಳಲು ಬರುವವನು ಆಪ್ತ ಸ್ನೇಹಿತನಾಗಿರುತ್ತಾನೆ. ಅವನಿಗೆ ಇಲ್ಲವೆಂದು ಹೇಳಿ, ಆಮೇಲೆ ಅವನೊಂದಿಗೇ ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳಬೇಕು. ಅಧ್ಯಕ್ಷೆಯಾದವಳು ಮಾತು ಲಂಬಿಸುತ್ತಿರುವ ತನ್ನ ಗೆಳತಿಯನ್ನೇ ನಿಲ್ಲಿಸಿ, ಮೂಲೆಯಲ್ಲಿ ಬಾಯಿ ತೆರೆಯದೆ ಕುಳಿತ ಹೊಸ ಹುಡುಗನಿಗೆ ಮಾತಾಡಲು ಅವಕಾಶ ಕೊಡಬೇಕು. ಸಭೆ ನಡೆಸುವುದು ಯಾರಿಗೂ ಹುಟ್ಟಿನಿಂದ ಬಂದ ವಿದ್ಯೆಯಲ್ಲ. ಇಂದು ಜಗತ್ತಿನ ಎಷ್ಟೋ ಸಂಘಗಳು ಅನುಸರಿಸುವ ಸಭಾ ನಿಯಮಗಳನ್ನು 1876ರಲ್ಲಿ ಪ್ರಕಟಿಸಿದ ಹೆನ್ರಿ ಮಾರ್ಟಿನ್ ರಾಬರ್ಟ್ ಅಮೆರಿಕದ ಸೇನೆಯಲ್ಲಿ ಎಂಜಿನಿಯರ್ ಆಗಿದ್ದವರು. 1863ರಲ್ಲಿ ಚರ್ಚೊಂದರ ಸಭೆಯ ಅಧ್ಯಕ್ಷತೆ ವಹಿಸಬೇಕಾಗಿ ಬಂದು, ಸಭೆ ಗದ್ದಲದಲ್ಲಿ ಕೈತಪ್ಪಿ ಹೋದ ಮೇಲೆಯೇ ಅವರು ನಿಯಮಗಳ ಅಧ್ಯಯನಕ್ಕೆ ತೊಡಗಿದ್ದು. ಸೇನಾಧಿಕಾರಿಗೇ ಹಾಗಾದ ಮೇಲೆ ಒಂಬತ್ತನೇ ತರಗತಿಯ ಮಕ್ಕಳ ಮೊದಲ ಸಭೆ ಗದ್ದಲದಲ್ಲಿ ಮುಗಿದರೆ ಮುಖ್ಯೋಪಾಧ್ಯಾಯರು ಗಾಬರಿಯಾಗುವ ಅಗತ್ಯವಿಲ್ಲ.

ಇಂತಹ ಹೊಣೆಗಳು ಎಷ್ಟು ಮಂದಿಗೆ ಸಿಗುತ್ತವೆ ಎಂಬುದು ಸಂಘದ ಗಾತ್ರವನ್ನು ಅವಲಂಬಿಸಿರುತ್ತದೆ. ಅಮೆರಿಕದ ಕನ್ಸಾಸ್ ರಾಜ್ಯದ ಪ್ರೌಢಶಾಲೆಗಳನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞರಾದ ರೋಜರ್ ಬಾರ್ಕರ್ ಮತ್ತು ಪಾಲ್ ಗಂಪ್ 1964ರಲ್ಲಿ ಪ್ರಕಟಿಸಿದ ಫಲಿತಾಂಶ ಇಂದಿಗೂ ಓದತಕ್ಕದ್ದು. ದೊಡ್ಡ ಶಾಲೆಗಳಲ್ಲಿ ಚಟುವಟಿಕೆಗಳ ವೈವಿಧ್ಯ ಹೆಚ್ಚಿದ್ದರೂ ಅದು ವಿದ್ಯಾರ್ಥಿಗಳ ಸಂಖ್ಯೆಗೆ ತಕ್ಕಷ್ಟು ಹೆಚ್ಚಿರಲಿಲ್ಲ. ಹೊಣೆಯುಳ್ಳ ಸ್ಥಾನಗಳಲ್ಲಿ ನಿಂತು ಕೆಲಸ ಮಾಡಿದ ಅನುಭವ ಚಿಕ್ಕ ಶಾಲೆಯ ಮಕ್ಕಳಿಗೇ ಹೆಚ್ಚು ದೊರೆತಿತ್ತು. ಕಾರಣ ಸರಳ. ನಾಟಕಕ್ಕೆ ಹತ್ತು ಮಂದಿ ಬೇಕಾಗಿದ್ದು ಇರುವವರೇ ಹನ್ನೆರಡು ಮಂದಿಯಾದರೆ ಯಾರನ್ನೂ ಬಿಡುವಂತಿಲ್ಲ, ತೊದಲುವವನಿಗೂ ಒಂದು ಪಾತ್ರ ಬರುತ್ತದೆ. ನೂರಿಪ್ಪತ್ತು ಮಂದಿ ಇದ್ದರೆ ಆಯ್ಕೆ ಪರೀಕ್ಷೆ ಶುರುವಾಗುತ್ತದೆ, ಈಗಾಗಲೇ ಬಲ್ಲವರು ಒಳಗೆ ಬರುತ್ತಾರೆ, ಕಲಿಯಬೇಕಾಗಿದ್ದವರು ಪ್ರೇಕ್ಷಕರಾಗುತ್ತಾರೆ. ಆದ್ದರಿಂದ ದೊಡ್ಡ ಶಾಲೆಗಳು ಒಂದು ಭಾರಿ ಚರ್ಚಾಕೂಟದ ಬದಲು ನಾಲ್ಕು ಚಿಕ್ಕ ಕೂಟಗಳನ್ನು ಕಟ್ಟಿಕೊಳ್ಳಲು ಬಿಡಬೇಕು. ಸ್ಪರ್ಧೆಗೆ ತಂಡ ಆರಿಸುವುದು ಬೇರೆ ವಿಷಯ. ಸಂಘಕ್ಕೆ ಸೇರಲು ಆಯ್ಕೆ ಪರೀಕ್ಷೆ ಇರಲೇಬಾರದೆಂಬುದು ನನ್ನ ಖಚಿತ ನಿಲುವು. ಶಾಲೆ ಬಿಟ್ಟ ಮೇಲೆ ಉಳಿಯಲಾರದವರು, ಮನೆಗೆ ಹೋಗಿ ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕಾದವರು, ಸದಸ್ಯತ್ವ ಶುಲ್ಕ ಕೊಡಲಾರದವರು ಆಯ್ಕೆ ಪರೀಕ್ಷೆಗೂ ಮೊದಲೇ ಹೊರಗುಳಿದಿರುತ್ತಾರೆ ಎಂಬುದನ್ನೂ ಸೇರಿಸಿ ಹೇಳಬೇಕು. ವಾರಕ್ಕೊಮ್ಮೆಯಾದರೂ ಶಾಲೆಯ ಅವಧಿಯೊಳಗೇ ಸಂಘಗಳಿಗೆ ಸಮಯ ಕೊಡದಿದ್ದರೆ, ಬಿಡುವಿರುವವರ ಮಕ್ಕಳಷ್ಟೇ ನಾಯಕರಾಗುತ್ತಾರೆ.

ಇನ್ನು ಪ್ರಮಾಣಪತ್ರ. ಕಾಲೇಜು ಪ್ರವೇಶಕ್ಕೆ ಪಠ್ಯೇತರ ಸಾಧನೆಯ ಪಟ್ಟಿ ಬೇಕೆಂಬ ಕಡೆಗಳಲ್ಲೆಲ್ಲ ಅಧ್ಯಕ್ಷರ ಸಂಖ್ಯೆ ಸದಸ್ಯರ ಸಂಖ್ಯೆಯನ್ನು ಮುಟ್ಟುತ್ತಿದೆ. ಭಾಗವಹಿಸಿದ ಮಾತ್ರಕ್ಕೆ ಒಳಿತಾಗುತ್ತದೆ ಎಂಬ ನಂಬಿಕೆಯೂ ಅಷ್ಟು ಗಟ್ಟಿಯಲ್ಲ. ಜಾಕ್ವೆಲಿನ್ ಎಕಲ್ಸ್ ಮತ್ತು ಬಾನಿ ಬಾರ್ಬರ್ ಮಿಷಿಗನ್‌ನ ಹದಿಹರೆಯದವರ ಕುರಿತು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ರೀಡಾ ತಂಡಗಳಲ್ಲಿದ್ದವರು ಓದಿನಲ್ಲಿ ಮುಂದಿದ್ದರೂ ಮದ್ಯಪಾನದಲ್ಲೂ ಮುಂದಿದ್ದರೆಂದು ಕಂಡುಬಂದಿತ್ತು. ಸೇವಾ ಚಟುವಟಿಕೆಗಳಲ್ಲಿದ್ದವರಲ್ಲಿ ಅಂತಹ ಚಟಗಳು ಕಡಿಮೆಯಿದ್ದವು. ಯಾವ ಚಟುವಟಿಕೆ, ಯಾರ ಜೊತೆ ಎಂಬುದನ್ನು ಬಿಟ್ಟು ಬರಿಯ ಸಂಖ್ಯೆ ಎಣಿಸುವುದರಲ್ಲಿ ಅರ್ಥವಿಲ್ಲ.

ಶಿಕ್ಷಕರ ವಿಷಯಕ್ಕೆ ಬರುತ್ತೇನೆ. ಜಪಾನಿನಲ್ಲಿ ಬುಕಾತ್ಸು ಎಂದು ಕರೆಯುವ ಶಾಲಾ ಸಂಘಗಳು ಜಗತ್ತಿನಲ್ಲೇ ಅತ್ಯಂತ ಶಿಸ್ತಿನವು ಎಂದು ಹೊಗಳುವವರಿದ್ದಾರೆ. ಆ ಶಿಸ್ತಿನ ಬೆಲೆಯನ್ನು ಯಾರು ತೆರುತ್ತಾರೆ ಎಂಬುದು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ (ಒಇಸಿಡಿ) 2018ರ ಶಿಕ್ಷಕರ ಸಮೀಕ್ಷೆಯಲ್ಲಿ ಕಾಣುತ್ತದೆ. ಕಿರಿಯ ಪ್ರೌಢಶಾಲಾ ಹಂತದ ಜಪಾನಿ ಶಿಕ್ಷಕರು ಪಠ್ಯೇತರ ಚಟುವಟಿಕೆಗಳಿಗೆ ವಾರಕ್ಕೆ 7.5 ಗಂಟೆ ಕೊಡುತ್ತಿದ್ದರು. ಸಮೀಕ್ಷೆಯಲ್ಲಿದ್ದ ದೇಶಗಳ ಸರಾಸರಿ 1.9 ಗಂಟೆ. ಅದೇ ವರ್ಷ ಅಲ್ಲಿನ ಕ್ರೀಡಾ ಇಲಾಖೆ ವಾರದಲ್ಲಿ ಎರಡು ದಿನವಾದರೂ ಬಿಡುವು ಕೊಡಿ, ಶಾಲಾ ದಿನಗಳಲ್ಲಿ ಅಭ್ಯಾಸ ಎರಡು ಗಂಟೆ ಮೀರದಿರಲಿ ಎಂಬ ಮಾರ್ಗಸೂಚಿ ಹೊರಡಿಸಬೇಕಾಯಿತು. ಶಿಕ್ಷಕರೇ ಹೊತ್ತು ನಡೆಸುವ ಸಂಘದಲ್ಲಿ ಶಿಕ್ಷಕರೂ ಬಳಲುತ್ತಾರೆ, ಮಕ್ಕಳೂ ಬಳಲುತ್ತಾರೆ.

ಮಾರ್ಗದರ್ಶಕರು ಹಿಂದಿನ ಬೆಂಚಿನಲ್ಲಿ ಕುಳಿತು ಸುಮ್ಮನಿರಬೇಕು. ಈ ಸುಮ್ಮನಿರುವ ಕಲೆಯನ್ನು ಯಾವ ಶಿಕ್ಷಕ ತರಬೇತಿಯಲ್ಲೂ ಕಲಿಸುವುದಿಲ್ಲ, ನಮ್ಮ ವೃತ್ತಿಯ ಸ್ವಭಾವಕ್ಕೂ ಅದು ಒಗ್ಗುವುದಿಲ್ಲ. ಆದರೆ ಸುಮ್ಮನಿರಬಾರದ ಸಂದರ್ಭಗಳೂ ಇವೆ. ಹಿರಿಯ ವಿದ್ಯಾರ್ಥಿಗಳು ಸಂಪ್ರದಾಯದ ಹೆಸರಿನಲ್ಲಿ ಹೊಸಬರನ್ನು ಅವಮಾನಿಸುವಾಗ, ಹಣದ ಲೆಕ್ಕ ಮಸುಕಾಗುವಾಗ, ಯಾರದಾದರೂ ಸುರಕ್ಷತೆಗೆ ಅಪಾಯವಿರುವಾಗ ತಕ್ಷಣ ಎದ್ದು ನಿಲ್ಲಬೇಕು. ಭಿತ್ತಿಪತ್ರದ ಬಣ್ಣ ಚೆನ್ನಾಗಿಲ್ಲ, ಕಾರ್ಯಕ್ರಮ ಹತ್ತು ನಿಮಿಷ ತಡವಾಯಿತು ಎಂಬಂತಹ ಕಾರಣಗಳಿಗೆ ಏಳಬಾರದು. ದುರದೃಷ್ಟವೆಂದರೆ ನಾವು ಸಾಮಾನ್ಯವಾಗಿ ಏಳುವುದು ಎರಡನೆಯ ಬಗೆಯ ಕಾರಣಗಳಿಗೇ.

ಈಗ ಮುಚ್ಚುವ ಮಾತು. ಆಸಕ್ತಿಯಿದ್ದ ತಂಡ ಶಾಲೆ ಮುಗಿಸಿ ಹೋದ ಮೇಲೆ ಸಂಘ ಸೊರಗುವುದು ಸಹಜ. ಅದನ್ನು ಹೆಸರಿಗಾಗಿ ಉಳಿಸಿಕೊಂಡರೆ ಶಿಕ್ಷಕರು ಸದಸ್ಯರನ್ನು ಹಿಡಿದು ತರಬೇಕಾಗುತ್ತದೆ, ನಡೆಯದ ಸಭೆಗೆ ನಡಾವಳಿ ಬರೆಯಬೇಕಾಗುತ್ತದೆ, ಮಕ್ಕಳು ಸುಳ್ಳು ದಾಖಲೆಯ ಮೊದಲ ಪಾಠವನ್ನು ಶಾಲೆಯಲ್ಲೇ ಕಲಿಯುತ್ತಾರೆ. ಹಾಗಾಗದಂತೆ ವರ್ಷದ ಕೊನೆಯ ಸಭೆಯ ಕಾರ್ಯಸೂಚಿಯಲ್ಲಿ ಪ್ರತಿ ಸಂಘವೂ ಒಂದು ವಿಷಯವನ್ನು ಕಡ್ಡಾಯವಾಗಿ ಇಟ್ಟುಕೊಳ್ಳಲಿ: ಮುಂದಿನ ವರ್ಷ ಈ ಸಂಘ ಬೇಕೇ, ಬೇಕಾದರೆ ಹೊಣೆ ಹೊರುವವರು ಯಾರು. ಮತದಾನ ಗುಪ್ತವಾಗಿರಲಿ, ಏಕೆಂದರೆ ಶಿಕ್ಷಕರ ಮುಖ ನೋಡಿಕೊಂಡು ಕೈ ಎತ್ತುವ ಅಭ್ಯಾಸ ಮಕ್ಕಳಿಗೆ ಬಹಳ ಬೇಗ ಬರುತ್ತದೆ. ಬೇಡವೆಂದಾದರೆ ಲೆಕ್ಕ ಚುಕ್ತಾ ಮಾಡಿ, ಉಳಿದ ಹಣ ಯಾವ ಸಂಘಕ್ಕೆ ಸೇರಬೇಕೆಂದು ಅವರೇ ನಿರ್ಧರಿಸಿ, ಕೊಠಡಿಯ ಕೀಲಿ ಮತ್ತು ಪುಸ್ತಕಗಳನ್ನು ಶಾಲೆಗೆ ಒಪ್ಪಿಸಿ, ಏಕೆ ಮುಚ್ಚಿದೆವೆಂದು ಒಂದು ಪುಟ ಬರೆದಿಡಲಿ. ಎರಡು ವರ್ಷದ ನಂತರ ಬೇರೆ ವಿದ್ಯಾರ್ಥಿಗಳು ಅದೇ ಸಂಘ ಬೇಕೆಂದು ಬಂದರೆ ಆ ಪುಟವನ್ನು ಅವರಿಗೆ ಓದಲು ಕೊಟ್ಟು, ಆಮೇಲೂ ಅವರ ಮನಸ್ಸು ಬದಲಾಗದಿದ್ದರೆ ಹೊಸ ಅರ್ಜಿ ಬರೆಸಿಕೊಂಡು ಕೀಲಿಯನ್ನು ಅವರ ಕೈಗೆ ಕೊಡಬೇಕು.